ಗವಿಯ ಗೋಡೆಯ ಕೆಂಪು

ಕಲ್ಲಿಗೂ ವಾಸನೆ ಇರುತ್ತದೆ ಎಂದರೆ ನಮ್ಮ ಮನೆಯಲ್ಲಿ ಎಲ್ಲರೂ ನಗುತ್ತಾರೆ. ನಗಲಿ ಬಿಡಿ. ಭೂವಿಜ್ಞಾನ ಓದಿದವರು ಕಲ್ಲನ್ನು ಬರೀ ನೋಡುವುದಿಲ್ಲ. ಅದರ ಮೇಲೆ ಬಾಯಿಂದ ಉಸಿರು ಬಿಟ್ಟು ಮೂಸುತ್ತಾರೆ, ಒಮ್ಮೊಮ್ಮೆ ಯಾರೂ ಇಲ್ಲದ್ದು ನೋಡಿ ನಾಲಿಗೆಯನ್ನೂ ತಾಗಿಸುತ್ತಾರೆ. ಹೋದ ಬೇಸಿಗೆಯಲ್ಲಿ ನಮ್ಮ ಕಚೇರಿ ಹೊಸ ಕಟ್ಟಡಕ್ಕೆ ಹೋಗುವಾಗ ಹಳೆಯ ಕಪಾಟು ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ತೀರಾ ಕೆಳಗಿನ ಖಾನೆಯಲ್ಲಿ ಒಂದು ಬಟ್ಟೆಯ ಚೀಲ ಸಿಕ್ಕಿತು. ಬಾಯಿಗೆ ದಾರ ಕಟ್ಟಿತ್ತು, ಚೀಟಿಯ ಮೇಲೆ ನನ್ನದೇ ಅಕ್ಷರ. ಬಿಚ್ಚಿದರೆ ಒಳಗೆ ಕೆಂಪು ಪುಡಿ. ಅಭ್ಯಾಸಬಲದಿಂದ ಮೂಗಿಗೆ ಹಿಡಿದೆ. ಹಳೆಯ ಕುಸುಬಿ ಎಣ್ಣೆಯ ವಾಸನೆ, ಅದರ ಬೆನ್ನಿಗೇ ಕುರಿ ಉಣ್ಣೆಯದು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಹದಿನಾರು ವರ್ಷದ ಹಿಂದೆ ಈ ವಾಸನೆ ನನ್ನ ಮೂಗಿಗೆ ಬಂದಿದ್ದರೆ ನನ್ನ ನೌಕರಿಯ ಅತಿ ದೊಡ್ಡ ದಡ್ಡತನ ನಡೆಯುತ್ತಿರಲಿಲ್ಲ. ನಡೆಯದಿದ್ದರೆ ಮಾಳಪ್ಪಜ್ಜ ಎಂಥ ಮನುಷ್ಯ ಎಂಬುದೂ ನನಗೆ ಗೊತ್ತಾಗುತ್ತಿರಲಿಲ್ಲ.

ಆಗ ನಾನು ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ, ಪ್ರೊಬೇಷನ್ ನಡೆದಿತ್ತು. ಸಂಕ್ರಾಂತಿ ಮುಗಿದ ವಾರ ಸಾಹೇಬರು ಕರೆದರು. ಬೀಳಗಿ ಕಡೆಯ ಒಂದು ಗುಡ್ಡದಲ್ಲಿ ಹಳೆಯ ಕಬ್ಬಿಣದ ಗಣಿ ಇದೆ, ತೀರಾ ಚಿಕ್ಕದು, ಯಾವ ಕಾಲದಲ್ಲೋ ಬಿಟ್ಟದ್ದು, ಅದರಲ್ಲಿ ಇನ್ನೂ ಅದಿರು ಉಳಿದಿದೆಯೇ ನೋಡಿಕೊಂಡು ಬಾ ಎಂದರು. ಇದೆ ಎಂದು ನಾನು ಬರೆದರೆ ಗುಡ್ಡವನ್ನು ಗಣಿಗೆ ಕೊಡುವ ವಿಚಾರ ಮುಂದೆ ಹೋಗುತ್ತದೆ. ಇಲ್ಲ ಎಂದರೆ ಫೈಲು ಮುಚ್ಚುತ್ತದೆ. ನನ್ನ ಹೆಸರಿನಲ್ಲಿ ಹೋಗುವ ಮೊದಲ ವರದಿ ಅದು. ಅದರ ಮೇಲೆಯೇ ನೌಕರಿ ಕಾಯಂ ಆಗುವುದು ನಿಂತಿತ್ತು. ಕಾಗದದ ಮೇಲೆ ಹಾಗಿರಲಿಲ್ಲ ನಿಜ, ಆದರೆ ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು.

ನಾನು ರಬಕವಿಯವಳು, ನೇಕಾರರ ಮಗಳು. ಮನೆಯಲ್ಲಿ ಮಗ್ಗದ ಸದ್ದು ನಿಂತರೆ ನಿದ್ದೆಯಿಂದ ಎಚ್ಚರಾಗುತ್ತಿದ್ದ ಜನ ನಾವು. ಸುತ್ತಿಗೆ, ಚೀಲ ತುಂಬಿಕೊಂಡು ಹೊರಟಾಗ ಅವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಡುತ್ತ, ಕಲ್ಲು ಒಡಿಯಾಕ ಇಷ್ಟೆಲ್ಲ ಓದಬೇಕಾಗಿತ್ತೇನ ಎಂದು ಕೇಳಿದಳು. ನಾನು ಸಿಟ್ಟಾದೆ. ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ.

ಜಮಖಂಡಿಯ ಕಡೆ ಕಾಲಿಗೆ ಅಂಟಿಕೊಳ್ಳುವ ಕರಿ ಎರೆ ಮಣ್ಣು, ಎಲ್ಲಿ ನೋಡಿದರೂ ಕಬ್ಬು. ಆ ಎರೆ ಒಂದು ಕಾಲಕ್ಕೆ ಬೆಂಕಿಯಾಗಿ ಹರಿದು ಆರಿದ ಕಲ್ಲು ಕರಗಿ ಆದದ್ದು. ಬೀಳಗಿ ದಾಟಿ ಗುಡ್ಡದ ಸಾಲು ಶುರುವಾಗುವಲ್ಲಿ ಆ ಕರಿ ಹಾಸು ಮುಗಿಯುತ್ತದೆ. ಅದಕ್ಕಿಂತ ಎಷ್ಟೋ ಹಳೆಯ ಕಲ್ಲು ಅಲ್ಲಿ ತಲೆ ಎತ್ತುತ್ತದೆ. ನೂರು ಕೋಟಿ ವರ್ಷಕ್ಕೂ ಹಿಂದೆ ಅಲ್ಲೊಂದು ಸಮುದ್ರವಿತ್ತು. ಅದರ ದಂಡೆಯ ಮರಳು ಒತ್ತಿ ಒತ್ತಿ ಕಲ್ಲಾಗಿದೆ. ಗುಡ್ಡ ಹತ್ತುವಾಗ ಕಾಲ ಕೆಳಗೆ ಆ ನೀರಿನ ಅಲೆಯ ಗುರುತು ಹಾಗೇ ಸಿಗುತ್ತದೆ, ಕೃಷ್ಣೆಯ ದಂಡೆಯ ಹಸಿ ಉಸುಕಿನ ಮೇಲೆ ಇರುವ ಹಾಗೆಯೇ. ಆ ಕಲ್ಲಿನ ಸಂದಿಯಲ್ಲಿ, ಬಿರುಕಿನಲ್ಲಿ ಕಬ್ಬಿಣದ ನೀರು ಇಳಿದು, ಅಲ್ಲೊಂದು ಇಲ್ಲೊಂದು ಕೆಂಪು ಎಳೆಯಾಗಿ ಉಳಿದಿದೆ. ಅದೇ ಅದಿರು. ಮೊದಲ ದಿನ ಅದನ್ನು ನೋಡಿದಾಗ ನನಗೆ ಕಣ್ಣಲ್ಲಿ ನೀರು ಬಂತು. ಪುಸ್ತಕದಲ್ಲಿ ಓದಿದ್ದೇ, ಆದರೂ.

ಗುಡ್ಡದ ಬುಡದಲ್ಲಿ ಕರಿ ಗಡ್ಡೆಗಳ ದೊಡ್ಡ ರಾಶಿಯೊಂದಿತ್ತು. ಅದರ ಮೇಲೆ ಕೂತು, ಇಲ್ಲೂ ಲಾವಾ ಇದೆ ಎಂದು ನೋಟುಬುಕ್ಕಿನಲ್ಲಿ ಬರೆಯುತ್ತಿದ್ದೆ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು ಹಿಡಿದ ಎತ್ತರದ ಮುದುಕನೊಬ್ಬ ಬಂದು ಸ್ವಲ್ಪ ಹೊತ್ತು ನನ್ನನ್ನೇ ನೋಡಿದ. ಒಂದು ಗಡ್ಡೆ ಎತ್ತಿ ನನ್ನ ಕೈಗೆ ಕೊಟ್ಟ.

"ಅದು ಕಲ್ಲಲ್ಲರಿ ಅಕ್ಕಾರ, ಕಿಟ್ಟ. ಕಬ್ಬಿಣ ಕಾಸಿ ತಗದಮ್ಯಾಲ ಉಳಿದದ್ದು. ತೂಕ ನೋಡ್ರಿ, ಒಳಗ ತೂತು ಅದಾವ" ಅಂದ.

ಬರೆದದ್ದನ್ನು ಅವನ ಎದುರೇ ಹೊಡೆದು ಹಾಕಿದೆ. ಅವನೇ ಮಾಳಪ್ಪಜ್ಜ. ಬೀರೇಶ್ವರನ ಭಕ್ತರು, ತಲೆತಲಾಂತರದಿಂದ ಕುರಿ ಸಾಕಿದ ಮನೆತನ. ಮಗ, ಉಳಿದ ಮಂದಿ ಎಲ್ಲ ದೀಪಾವಳಿ ಮುಗಿಸಿ ಕುರಿ ಹೊಡೆದುಕೊಂಡು ಮುಧೋಳ, ಜಮಖಂಡಿಯ ಎರೆ ಹೊಲಗಳಿಗೆ ಹೋಗಿದ್ದರು. ಹೊಲದಲ್ಲಿ ಕುರಿ ತರುಬಿ ಗೊಬ್ಬರ ಮಾಡಿಕೊಟ್ಟು ಬೇಸಿಗೆ ಕೊನೆಗೆ ಮರಳುವುದು ಅವರ ರೂಢಿ. ಅಜ್ಜನಿಗೆ ಮೊಣಕಾಲು ನೋವು. ಸೊಸೆ ಲಕ್ಕವ್ವನ ಜೊತೆ ಬುಡದ ಗುಡಿಸಲಲ್ಲಿ, ಕುಂಟುವ ಕುರಿ, ಎಳೆ ಮರಿ ನೋಡಿಕೊಂಡು ಇದ್ದ. ಗುಡ್ಡ ಹತ್ತುವುದು ವರ್ಷಕ್ಕೆ ಒಂದೇ ದಿನ ಎನ್ನುತ್ತಿದ್ದ. ಯಾವ ದಿನ, ಯಾಕೆ ಎಂದು ನಾನು ಕೇಳಲಿಲ್ಲ. ಕೇಳಬೇಕಾದ ಒಂದೇ ಪ್ರಶ್ನೆ ಅದಾಗಿತ್ತು.

ಉಳಿದದ್ದೆಲ್ಲ ಅವನೇ ಹೇಳಿದ. ಕೋಲಿನ ತುದಿಯಿಂದ ಮಣ್ಣು ಕೆದರಿ ಹಳೆಯ ಕುಲುಮೆಯ ತಳ ತೋರಿಸಿದ. ಮೊಳಕಾಲೆತ್ತರದ ಮಣ್ಣಿನ ಕುಲುಮೆ, ಇದ್ದಿಲು, ಅದಿರು ಒಂದರ ಮೇಲೊಂದು ತುಂಬಿ ಹಗಲೆಲ್ಲ ಗಾಳಿ ಊದುವ ತಿದಿ ಒತ್ತುತ್ತಿದ್ದರಂತೆ. ಆ ತಿದಿಯ ಚರ್ಮ ಇವರ ಕುರಿಗಳದ್ದೇ. ಸುತ್ತಲಿನ ಊರುಗಳ ನೇಗಿಲಿಗೆ, ಕುಂಟೆಗೆ, ಕುಡಗೋಲಿಗೆ ಇಲ್ಲಿಂದ ಕಬ್ಬಿಣ ಹೋಗುತ್ತಿತ್ತು. ಪೇಟೆಯ ಅಗ್ಗದ ಕಬ್ಬಿಣ ಬಂದ ಮೇಲೆ ಕಾಸುವವರು ಗುಳೆ ಎದ್ದು ಹೋದರು. ಆಮೇಲೆ ಅಜ್ಜನ ಮುತ್ಯಾ, ಅಂದರೆ ತಂದೆಯ ತಂದೆ ಬೀರಪ್ಪ ಪ್ರಾಯದಲ್ಲಿದ್ದಾಗ, ಹೊರಗಿನ ಗುತ್ತಿಗೆದಾರನೊಬ್ಬ ಬಂದು ಗುಡ್ಡದ ನಡುಮಟ್ಟದಲ್ಲಿ ಸುರಂಗ ತೋಡಿಸಿದ. ಬುಟ್ಟಿಯಲ್ಲಿ ಹೊತ್ತು ತಂದು ಎತ್ತಿನ ಗಾಡಿಗೆ ತುಂಬಿದರು. ಒಳಗೆ ಹೋದಂತೆ ಅದಿರಿನ ಎಳೆ ಸಣ್ಣಗಾಯಿತು. ಒಂದು ಬೇಸಿಗೆ ಗುತ್ತಿಗೆದಾರ ಬುಟ್ಟಿ, ಹಾರೆ ಎಲ್ಲ ಅಲ್ಲೇ ಬಿಟ್ಟು ಹೋದವನು ಮತ್ತೆ ಬರಲಿಲ್ಲ. ಬೀರಪ್ಪನೂ ಅಲ್ಲಿ ದುಡಿದವನು. ಮೇಲಿನ ಕಲ್ಲು ಜಾರಿ ಬಿದ್ದು ಬಲಗೈಯ ತೋರುಬೆರಳು ಬುಡದ ತನಕ ಹೋಗಿತ್ತು. ಸುರಂಗ ಕುರಿಗಳಿಗೆ ಉಳಿಯಿತು. ಎಲ್ಲರೂ ಅದನ್ನು ಗವಿ ಎನ್ನುತ್ತಿದ್ದರು. ಮಳೆಗಾಲದಲ್ಲಿ ಮರಿ ಹಾಕುವ ಕುರಿಗಳಿಗೆ ಆ ಗುಡ್ಡದಲ್ಲಿ ಅದೊಂದೇ ಆಸರೆ.

ಅಜ್ಜನಿಗೆ ಮೂರು ಕೆಂಪು ಗೊತ್ತಿದ್ದವು. ಒಡೆದ ಹಂಚಿನ ಚೂರಿನ ಮೇಲೆ ಕಲ್ಲು ತಿಕ್ಕಿ ತೋರಿಸುತ್ತಿದ್ದ. ಒಂದು ಇಟ್ಟಂಗಿ ಬಣ್ಣದ್ದು, ಮೊದಲ ಮಳೆಗೇ ತೊಳೆದು ಹೋಗುತ್ತದೆ. ಇನ್ನೊಂದು ಹಳದಿಗೆ ತಿರುಗಿದ್ದು, ಬಿಸಿಲಿಗೆ ಮಾಸುತ್ತದೆ. ಮೂರನೆಯದು ಒಣ ದ್ರಾಕ್ಷಿಯ ಹಾಗೆ ಕಪ್ಪಾಗಿ ಕಂಡರೂ ತಿಕ್ಕಿದರೆ ರಕ್ತದ ಹಾಗೆ ಬೀಳುವ ಕೆಂಪು. ಉಣ್ಣೆ ಕತ್ತರಿಸಿದ ಮೇಲೆ ಕುರಿಗಳ ಬೆನ್ನಿಗೆ ಮನೆತನದ ಗುರುತು ಹಾಕಲು ಇದನ್ನೇ ಅರೆಯುವುದು, ಕುಸುಬಿ ಎಣ್ಣೆಯಲ್ಲಿ ಕಲಸಿದರೆ ವರ್ಷವಿಡೀ ಹೋಗುವುದಿಲ್ಲ ಎಂದ. ನಮಗೆ ಪ್ರಯೋಗಾಲಯದಲ್ಲಿ ಬಿಳಿ ಬಿಲ್ಲೆಯ ಮೇಲೆ ತಿಕ್ಕಿ ಕಲಿಸಿದ್ದನ್ನು ಈ ಮನುಷ್ಯ ಹಂಚಿನ ಚೂರಿನ ಮೇಲೆ ಮಾಡುತ್ತಿದ್ದ, ಅದೂ ನನಗಿಂತ ಬೇಗ. ಗುಡ್ಡದ ಯಾವ ಹಾಸಿನಲ್ಲಿ ಯಾವ ಕೆಂಪು, ಯಾವ ಹಾಸಿನ ಕೆಳಗೆ ನೀರು, ಎಲ್ಲ ಅವನ ಕೋಲಿನ ತುದಿಯಲ್ಲಿತ್ತು. ಅವನಂಥ ಕಲ್ಲು ಬಲ್ಲವನನ್ನು ನಾನು ಮತ್ತೆ ಕಂಡಿಲ್ಲ. ಇಷ್ಟಾದರೂ ಆಗ ಅವನ ಮಾತನ್ನು ನೋಟುಬುಕ್ಕಿನ ಹಿಂದಿನ ಪುಟದಲ್ಲಿ ಬರೆಯುತ್ತಿದ್ದೆ. ಮುಂದಿನ ಪುಟ ನನ್ನ ಸ್ವಂತ ಜಾಣತನಕ್ಕೆ ಮೀಸಲು.

ಶಿವರಾತ್ರಿಯ ಹೊತ್ತಿಗೆ ಗವಿಯೊಳಗೆ ಕೆಲಸ ಶುರು ಮಾಡಿದೆ. ಧೂಳಿಗೆ ನನಗೆ ನೆಗಡಿ ಹಿಡಿದದ್ದು ತಿಂಗಳು ಬಿಡಲಿಲ್ಲ. ಮೂಗು ಕಲ್ಲಾಗಿತ್ತು. ಇಪ್ಪತ್ತು ಹೆಜ್ಜೆ ಒಳಗೆ ಬಲಗಡೆಯ ಗೋಡೆಯಲ್ಲಿ, ಮೊಣಕಾಲಿನಿಂದ ಎದೆಮಟ್ಟದ ತನಕ, ಕರಿಗೆಂಪು ಪಟ್ಟಿಯೊಂದು ಬ್ಯಾಟರಿ ಬೆಳಕಿಗೆ ಮಿರಮಿರ ಮಿಂಚಿತು. ಸುತ್ತಿಗೆಯಿಂದ ಬಡಿದರೆ ಗಟ್ಟಿ. ಅಂಚಿನಲ್ಲಿ ನೋಡಿದರೆ ಎಲೆಯ ಮೇಲೆ ಎಲೆ ಇಟ್ಟಂತೆ ಪದರ ಪದರ, ನಡುನಡುವೆ ಕೂದಲೆಳೆಯ ಹಳದಿ ಗೆರೆ. ಹಳೆಯ ಬಿರುಕಿನಲ್ಲಿ ಪದರವಾಗಿ ಇಳಿದ ಉತ್ತಮ ಅದಿರು, ಹಳದಿ ಗೆರೆ ನೀರು ಕುಡಿದ ಕಬ್ಬಿಣ ಎಂದು ಬರೆದುಕೊಂಡೆ.  ಗುತ್ತಿಗೆದಾರನ ಕಣ್ಣಿಗೆ ಬೀಳದ್ದು ನನ್ನ ಕಣ್ಣಿಗೆ ಬಿದ್ದಿತ್ತಲ್ಲ! ಮೇಲಿನಿಂದ ಕೆಳಗಿನ ತನಕ, ಅಂಗೈ ಅಗಲ, ನಾಲ್ಕು ಬೆರಳು ಆಳದ ತೋಡು ಕೊರೆದು, ಉದುರಿದ್ದನ್ನೆಲ್ಲ ಚೀಲಕ್ಕೆ ತುಂಬಿದೆ. ಪುಡಿ ಮಾಡಿ ಅರ್ಧವನ್ನು ಪ್ರಯೋಗಾಲಯಕ್ಕೆ ಕಳಿಸಿದೆ. ಉಳಿದರ್ಧ ಕಚೇರಿಯ ಕಪಾಟಿಗೆ ಹೋಯಿತು, ಅದು ನಿಯಮ.

ಬೇಸಿಗೆ ಏರಿತು. ಸಾಹೇಬರ ಫೋನು ಬಂತು. ಫಲಿತಾಂಶ ಬಹಳ ಚೆನ್ನಾಗಿದೆ, ಕಾಸಿದಾಗ ತೂಕ ಸ್ವಲ್ಪ ಹೆಚ್ಚು ಇಳಿದಿದೆಯಷ್ಟೇ ಎಂದರು. ಅದು ಕಲ್ಲೊಳಗಿನ ನೀರು ಸಾರ್ ಎಂದು ಠೀವಿಯಿಂದ ಹೇಳಿದೆ. ವರದಿ ಬರೆದು ಕಳಿಸು, ಮಳೆಗಾಲ ಮುಗಿದ ಕೂಡಲೇ ಕೊರೆಯುವ ಮಷೀನು ತರಿಸೋಣ, ನಿನ್ನ ಕೆಲಸವೂ ಕಾಯಂ ಆಯಿತೆಂದೇ ತಿಳಿ ಎಂದರು. ಹಿಗ್ಗಿ ಹೀರೇಕಾಯಿ ಆದೆ. ಬೀಳಗಿಯಲ್ಲಿ ಪೇಡೆ ಕಟ್ಟಿಸಿಕೊಂಡು ಮರುದಿನ ಬೆಳಿಗ್ಗೆಯೇ ಗುಡಿಸಲಿಗೆ ಹೋದೆ.

ಕುರಿಗಳು ಮರಳಿದ್ದವು. ಉಣ್ಣೆ ಕತ್ತರಿಸಿಯಾಗಿತ್ತು. ಮುಂಗಾರಿನ ಮೊದಲ ಮಳೆ, ಮಿರಗದ ಮಳೆ ಹತ್ತಿರ ಬಂದಿತ್ತು. ಲಕ್ಕವ್ವ ಒರಳಿನ ಮುಂದೆ ಕೂತು ಕೆಂಪು ಅರೆಯುತ್ತಿದ್ದಳು. ಮಾರನೆಯ ದಿನ ಗುರುತು ಹಾಕುವ ದಿನ. ನಾನು ಪೇಡೆ ಕೊಟ್ಟು, ನಿಮ್ಮ ಗುಡ್ಡದಲ್ಲಿ ಛಲೋ ಕಬ್ಬಿಣ ಸಿಕ್ಕಿದೆ, ಮಷೀನು ಬರುತ್ತದೆ, ಗವಿ ದೊಡ್ಡದಾಗುತ್ತದೆ ಎಂದೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಲಕ್ಕವ್ವನ ಕೈ ನಿಂತಿತು. ಮಳೆಗಾಲದಲ್ಲಿ ಕುರಿ ಎಲ್ಲಿ ನಿಲ್ಲಿಸುವುದು ಎಂದು ಕೇಳಿದಳು. ಸರ್ಕಾರ ಏನಾದರೂ ಮಾಡುತ್ತದೆ ಎಂದು ಬಾಯಿಗೆ ಬಂದದ್ದು ಹೇಳಿದೆ.

ಅಜ್ಜ ಕುರಿಯ ಮಾತೇ ಎತ್ತಲಿಲ್ಲ. ಗವಿಯಲ್ಲಿ ಎಲ್ಲಿ ಸಿಕ್ಕಿತು ಎಂದಷ್ಟೇ ಕೇಳಿದ. ಇಪ್ಪತ್ತು ಹೆಜ್ಜೆ ಒಳಗೆ, ಬಲಗಡೆಯ ಗೋಡೆ ಎಂದೆ. ಅವನು ಲಕ್ಕವ್ವನ ಮುಖ ನೋಡಿದ. ಅವಳು ತಲೆ ತಗ್ಗಿಸಿದಳು. ಅಜ್ಜ ಕೋಲು ಹಿಡಿದು ಎದ್ದ.

ಅರ್ಧ ತಾಸಿನ ದಾರಿ ಅವನಿಗೆ ಒಂದೂವರೆ ತಾಸು ಹಿಡಿಯಿತು. ಮೂರು ಕಡೆ ಕೂತ. ನಾನು ಬೇಡ ಅಂದಷ್ಟೂ ಮುಂದೆ ನಡೆದ. ಒಳಗೆ ಬಂದು ನನ್ನ ತೋಡಿನ ಮೇಲೆ ಬ್ಯಾಟರಿ ಬಿಟ್ಟಾಗ ಅದರ ಅಂಚನ್ನು ಅಂಗೈಯಿಂದ ಮೇಲಿನಿಂದ ಕೆಳಗಿನ ತನಕ ಸವರಿದ.

"ಇದು ಗುಡ್ಡದ್ದಲ್ಲರಿ ಅಕ್ಕಾರ. ಇದು ನಮ್ಮದು" ಅಂದ.

ನನಗೆ ತಿಳಿಯಲಿಲ್ಲ. ಅವನು ನಿಧಾನಕ್ಕೆ ಬಿಡಿಸಿ ಹೇಳಿದ. ಗುರುತು ಹಾಕಿ ಉಳಿದ ಕೆಂಪನ್ನು ಇವರು ಮನೆಗೆ ಒಯ್ಯುವುದಿಲ್ಲ, ಚೆಲ್ಲುವುದೂ ಇಲ್ಲ. ಗುಡ್ಡದಿಂದ ತಂದದ್ದು, ಉಳಿದರೆ ಗುಡ್ಡಕ್ಕೇ ಮರಳಿಸಬೇಕು. ಅಂದು ಎಲ್ಲ ಮನೆಯವರೂ ಹತ್ತಿ ಬಂದು ಒಬ್ಬೊಬ್ಬರು ಒಂದೊಂದು ಹಿಡಿ ಈ ಗೋಡೆಗೆ ಬಡಿಯುತ್ತಾರೆ. ಗುತ್ತಿಗೆದಾರ ಬಿಟ್ಟುಹೋದ ವರ್ಷ ಬೀರಪ್ಪ ಮುತ್ಯಾ ಶುರು ಮಾಡಿದ್ದು, ಒಂದು ವರ್ಷವೂ ತಪ್ಪಿಲ್ಲ. ಕುಸುಬಿ ಎಣ್ಣೆ ಒಣಗಿ ಕಲ್ಲಾಗುತ್ತದೆ.

ನಾನು ವಾದ ಮಾಡಿದೆ, ಹೌದು, ಆಗಲೂ! ಪದರದ ನಡುವಿನ ಹಳದಿ ಗೆರೆ ತೋರಿಸಿ, ಅದು ಎಲ್ಲಿಂದ ಬಂತು ಹಾಗಾದರೆ ಎಂದು ಕೇಳಿದೆ. ಅಜ್ಜ ಸೊಂಟದ ಚೀಲಕ್ಕೆ ಎರಡು ಬೆರಳು ಹಾಕಿ ಚಿಟಿಕೆ ಅರಿಷಿಣ ತೆಗೆದು ನನ್ನ ಅಂಗೈಗೆ ಹಾಕಿದ. ಬೀರೇಶ್ವರನ ಭಂಡಾರ. ಪ್ರತಿ ವರ್ಷ ಕೆಂಪು ಬಡಿದ ಮೇಲೆ ಭಂಡಾರ ಹಾರಿಸುತ್ತಾರೆ. ನಾನು ನೀರು ಕುಡಿದ ಕಬ್ಬಿಣ ಎಂದು ಬರೆದದ್ದು ಅಡುಗೆಮನೆಯ ಅರಿಷಿಣ.

ಆಮೇಲೆ ಅವನು ಚಾಕು ತೆಗೆದು ತೋಡಿನ ತೀರಾ ಒಳ ಅಂಚಿಗೆ, ಹಳದಿ ಗೆರೆಗೆ ಸರಿಯಾಗಿ ತುದಿ ಇಟ್ಟು ಮೆಲ್ಲಗೆ ಮೀಟಿದ. ಅಂಗೈಯಷ್ಟು ಚಕ್ಕೆ ಎದ್ದು ಬಂತು. ಅದರ ಹಿಂದೆ ಒಂದು ಕೈಯ ಗುರುತು. ದೊಡ್ಡ ಕೈ. ಹೆಬ್ಬೆರಳು, ಆಮೇಲೆ ಖಾಲಿ ಜಾಗ, ಆಮೇಲೆ ಮೂರು ಬೆರಳು.

"ನಮ್ಮ ಮುತ್ಯಾ" ಅಂದ ಅಜ್ಜ.

ನೆಲ ಬಾಯಿ ಬಿಟ್ಟರೆ ಒಳಗೆ ಹೋಗಬೇಕು ಅನ್ನಿಸಿತು ಎನ್ನೋಣವೆಂದರೆ ನಾನು ಆಗಲೇ ನೆಲದ ಒಳಗೆ ನಿಂತಿದ್ದೆ. ಬಣ್ಣದ ನೂಲಿನ ನಡುವೆ ಬೆಳೆದ ನೇಕಾರರ ಮಗಳಿಗೆ ಬಣ್ಣ ಯಾವುದು, ಕಲ್ಲು ಯಾವುದು ಗೊತ್ತಾಗಲಿಲ್ಲ. ಅದಕ್ಕಿಂತ ದೊಡ್ಡ ಸಂಕಟವೆಂದರೆ ಆ ತೋಡು. ಅದರಲ್ಲಿ ಎಷ್ಟು ಜನರ ಕೈ ಇದ್ದವೋ, ನಾನು ಕೊರೆದು ಪುಡಿ ಮಾಡಿ ಚೀಲಕ್ಕೆ ತುಂಬಿದ್ದೆ. ಅಲ್ಲೇ ಕೂತು ಅತ್ತುಬಿಟ್ಟೆ. ಅಜ್ಜ ನಾನು ಅಳುವುದು ಮುಗಿಯುವ ತನಕ ಕಾಯ್ದ. ಆಮೇಲೆ ಕೇಳಿದ ಮಾತು ನಾನು ಸಾಯುವ ತನಕ ಮರೆಯುವುದಿಲ್ಲ.

"ಇದರಾಗ ನಿಮ್ಮ ನೌಕರಿ ಐತೇನ್ರಿ?"

ಇದೆ ಅಜ್ಜಾ ಎಂದೆ.

"ಹಂಗಾದ್ರ ನಾ ಹೇಳಿದ್ದು ನಿಮಗ ಮುಳ್ಳಾತು. ಆದ್ರ ಖರೆ ಗೊತ್ತಿದ್ದು ಸುಮ್ನ ಇರಾಕ ಆಗಲಿಲ್ಲರಿ" ಅಂದ.

ಅಷ್ಟೇ. ಕುರಿಗಳ ಆಸರೆ ಹೋಗುತ್ತದೆ ಅನ್ನಲಿಲ್ಲ, ವರದಿ ಕಳಿಸಬೇಡಿ ಅನ್ನಲಿಲ್ಲ. ಮೊಣಕಾಲು ಹಿಡಿದುಕೊಂಡು ಇಳಿಯತೊಡಗಿದ. ಮುಚ್ಚಿಡುವುದೇನು, ಇಳಿಯುವಾಗ ಒಂದು ಗಳಿಗೆ ನನಗೆ ಕೆಟ್ಟ ಬುದ್ಧಿ ಬಂತು. ನಾನು ಅದಿರೆಂದು ಕೊರೆದದ್ದು ಈ ಗೋಡೆಯನ್ನೇ ಎಂಬುದು ನಮ್ಮಿಬ್ಬರಿಗೆ ಬಿಟ್ಟರೆ ಲಕ್ಕವ್ವನಿಗೆ ಮಾತ್ರ ಗೊತ್ತು. ಮಷೀನು ಬರುವ ಹೊತ್ತಿಗೆ ನಾನು ಕಾಯಂ ಆಗಿರುತ್ತೇನೆ. ಮುಂದೆ ಹೋಗುತ್ತಿದ್ದ ಅಜ್ಜ ತಿರುಗಿ, ಇಲ್ಲಿ ಕಲ್ಲು ಸಡಿಲ ಅದಾವ, ನೋಡಿ ಹೆಜ್ಜಿ ಇಡ್ರಿ ಎಂದ. ಆ ಬುದ್ಧಿ ಅಲ್ಲೇ ಬಿದ್ದುಹೋಯಿತು.

ಮಧ್ಯಾಹ್ನ ಅವರ ಗುಡಿಸಲಿನ ನೆರಳಿನಲ್ಲೇ ಕೂತು ಸಾಹೇಬರಿಗೆ ಬರೆದೆ. ಆ ಪಟ್ಟಿ ಅದಿರಲ್ಲ, ಮನುಷ್ಯರು ಬಳಿದದ್ದು, ತಪ್ಪು ನನ್ನದು. ಉಳಿದ ಗವಿಯಲ್ಲಿ ಇರುವುದು ಎರಡು ಬೆರಳಿನ ಎಳೆಗಳು, ಗಣಿಗೆ ಸಾಲುವುದಿಲ್ಲ. ಎರಡು ದಿನ ಬಿಟ್ಟು ಫೋನಿನಲ್ಲಿ ಸಾಹೇಬರು ಮನಸಾರೆ ಬೈದರು. ಕೊನೆಗೆ, ಈಗಲೇ ಹೇಳಿದ್ದು ಒಳ್ಳೆಯದಾಯಿತು, ಮಷೀನು ಹತ್ತಿಸಿದ ಮೇಲೆ ಗೊತ್ತಾಗಿದ್ದರೆ ಇಬ್ಬರೂ ಮನೆಗೆ ಹೋಗುತ್ತಿದ್ದೆವು ಎಂದರು. ಪ್ರೊಬೇಷನ್ ಇನ್ನೊಂದು ವರ್ಷ ಎಳೆಯಿತು. ಫೈಲು ಮುಚ್ಚಿತು.

ಬರೆದ ಮಾರನೆಯ ದಿನ ಅಲ್ಲೇ ಇದ್ದೆ. ಬೋಳಾದ ಕುರಿಗಳ ಬೆನ್ನಿಗೆ ಕೆಂಪು ಬಿತ್ತು. ಸಂಜೆಗೆ ಎಲ್ಲರೂ ಹತ್ತಿದರು, ಅಜ್ಜನೂ ಎರಡನೆಯ ಸಲ. ಗೋಡೆಗೆ ಕೈಗಳು ಬಡಿದವು, ಭಂಡಾರ ಹಾರಿತು. ನನ್ನ ತೋಡಿಗೂ ಒಂದು ತೆಳು ಪದರ ಬಿತ್ತು. ಅಜ್ಜ ನನಗೂ ಒಂದು ಹಿಡಿ ಕೊಡಲು ಬಂದ. ತಗೊಂಡು ಹೋದವಳು ನಾನು, ನನಗೆ ಬೇಡ ಎಂದೆ. ಆಗಲಿ, ನಿಮ್ಮ ಪಾಲು ಹಾಂಗ ಇರಲಿ ಎಂದು ಕೈ ಹಿಂದಕ್ಕೆ ತೆಗೆದುಕೊಂಡ. ಮೂರನೆಯ ದಿನ ಮಿರಗ ಬಿತ್ತು.

ಅಜ್ಜ ಹೋಗಿ ಐದು ವರ್ಷವಾಯಿತು. ಲಕ್ಕವ್ವ ಫೋನು ಮಾಡಿ ತಿಳಿಸಿದ್ದಳು. ದೂರದ ವರ್ಗಾವಣೆಯಲ್ಲಿದ್ದೆ, ಹೋಗಲಾಗಲಿಲ್ಲ. ಕಪಾಟಿನಲ್ಲಿ ಸಿಕ್ಕ ಚೀಲ ತೆಗೆದುಕೊಂಡು, ಗುರುತು ಹಾಕುವ ದಿನ ಕೇಳಿಕೊಂಡು, ಈ ಸಲ ಹೊರಟೆ. ಲಕ್ಕವ್ವನ ಕೂದಲು ಬೆಳ್ಳಗಾಗಿದೆ. ಈಗ ಎಲ್ಲರ ಮುಂದೆ ಹತ್ತುವವಳು ಅವಳೇ. ಗವಿಯಲ್ಲಿ ಬೆಳಕು ಹಿಡಿದು ತೋರಿಸಿದಳು. ವರ್ಷವರ್ಷವೂ ಎಲ್ಲರೂ ಮೊದಲು ಅದಕ್ಕೇ ಬಡಿದು ನನ್ನ ತೋಡು ಮುಕ್ಕಾಲು ತುಂಬಿತ್ತು. ಕೆಳಗೆ, ಬೀರಪ್ಪನ ಕೈ ಇದ್ದ ಮಟ್ಟದಲ್ಲಿ, ಒಂದು ಗೇಣು ಜಾಗ ಮಾತ್ರ ಹಾಗೇ ತಗ್ಗಾಗಿ ಉಳಿದಿತ್ತು.

"ಅಲ್ಲಿ ಯಾರೂ ಹಚ್ಚಬ್ಯಾಡ್ರಿ, ಅದು ಅಕ್ಕಾರ ಪಾಲು ಅಂತ ಮಾವ ಹೇಳಿಟ್ಟಿದ್ದರಿ" ಅಂದಳು.

ನಾನು ಚೀಲ ಅವಳ ಕೈಗೆ ಕೊಟ್ಟೆ. ಅವಳು ಮೂಸಿದಳು, ಅವಳಿಗೆ ಕೂಡಲೇ ಗೊತ್ತಾಯಿತು. ಚೀಟಿಯಲ್ಲಿ ಏನು ಬರೆದಿದೆ ಎಂದು ಕೇಳಿದಳು. ಓದಿದೆ: ಬಿರುಕಿನ ಅದಿರು, ವಯಸ್ಸು ನೂರು ಕೋಟಿ ವರ್ಷಕ್ಕೂ ಮೇಲೆ. ಲಕ್ಕವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ಮುತ್ಯಾಗೆ ಇಷ್ಟು ವಯಸ್ಸಾಗಿದ್ದು ನಮಗೆ ಯಾರೂ ಹೇಳಲೇ ಇಲ್ಲ ನೋಡ್ರಿ ಎಂದಳು. ನಾನೂ ನಕ್ಕೆ, ಅಳುತ್ತಲೇ.

ಆ ಪುಡಿಯನ್ನೆಲ್ಲ ಅವಳು ಈ ವರ್ಷದ ಕೆಂಪಿಗೆ ಸುರಿದು, ಎಣ್ಣೆ ಬಿಟ್ಟು ಕಲಸಿದಳು. ನಾನು ಮೊಣಕಾಲೂರಿ ಆ ತಗ್ಗಿಗೆ ಹಿಡಿ ಹಿಡಿಯಾಗಿ ತುಂಬಿದೆ. ಕೊನೆಯ ಹಿಡಿ ಒತ್ತುವಾಗ, ಬೆರಳು ಅಗಲಿಸಿ ಒತ್ತರಿ, ಮುಂದ ಇನ್ನೊಬ್ಬ ಅಕ್ಕಾರು ಕೊರದು ನೋಡಿದ್ರ ಯಾರ ಕೈ ಅಂತ ಗೊತ್ತಾಗಬೇಕು ಎಂದಳು. ಐದೂ ಬೆರಳು ಅಗಲಿಸಿ ಒತ್ತಿದೆ. ಮೇಲಿಂದ ಭಂಡಾರ ಬಿತ್ತು.

ವಾಪಸು ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಜಮಖಂಡಿ ಬರುವ ತನಕ ಕೈ ಮೂಸಿಕೊಳ್ಳುತ್ತಲೇ ಕೂತಿದ್ದೆ. ಈ ಸಲ ನನಗೆ ನೆಗಡಿ ಇರಲಿಲ್ಲ.